ಕಿಲೋಗೆ ಒಂದೂವರೆ ಯೂರೋ

ಭಾನುವಾರ ಬೆಳಿಗ್ಗೆ ಪಾದುವಾದಲ್ಲಿ, ಸ್ಟೇಡಿಯಮ್ಮಿನ ಹಿಂದಿನ ಬಯಲಲ್ಲಿ
ವ್ಯಾನಿನ ಹಿಂಬಾಗಿಲು ತೆರೆದು ತಕ್ಕಡಿ ನೇತುಹಾಕುತ್ತೇನೆ.
ಸ್ಪ್ರಿಂಗಿನದು, ಅಪ್ಪನ ಕಾಲದ್ದು,
ಮೊಲ್ದೋವಾದ ಸರ್ಕಾರಿ ತೋಟದಲ್ಲಿ ದ್ರಾಕ್ಷಿ ತೂಗಿದ್ದು.
ಖಾಲಿ ಇದ್ದಾಗಲೂ ಮುಳ್ಳು ಮುನ್ನೂರು ಗ್ರಾಮಿನ ಮೇಲೆ ನಿಲ್ಲುತ್ತದೆ.
ಎಲ್ಲರಿಗೂ ಗೊತ್ತು. ಯಾರೂ ಜಗಳಕ್ಕೆ ಬರುವುದಿಲ್ಲ.

ಕಿಲೋಗೆ ಒಂದೂವರೆ ಯೂರೋ. ಕಾಗದಕ್ಕೆ ಕಾಸಿಲ್ಲ.

ಹೆಂಗಸರು ಬರುತ್ತಾರೆ. ವಾರವಿಡೀ ಯಾರದೋ ತಾಯಂದಿರನ್ನು
ಮಗ್ಗುಲು ಬದಲಿಸಿ ಮಲಗಿಸಿದ ಕೈಗಳು,
ಇವತ್ತು ಒಂದು ದಿನ ಸೆಂಟಿನ ವಾಸನೆ.
ಅಳೆದು ಸುರಿದು ಕಟ್ಟಿದ ಪೆಟ್ಟಿಗೆಗಳು:
ಆಲಿವ್ ಎಣ್ಣೆ, ಕಾಫಿ, ಸೋಪಿನ ಪುಡಿ,
ತಂಗಿಯ ಮದುವೆಗೆ ಎಂಟು ಮೀಟರ್ ಲೇಸು.
ಅತ್ತಲಿಂದ ನಾನು ತರುವುದು ಅಕ್ರೋಟು, ಕುರಿಹಾಲಿನ ಚೀಸು,
ಸತ್ತವರ ಹೆಸರಲ್ಲಿ ಹಂಚಿದ ಬ್ರೆಡ್ಡು.

ಪರಸ್ಕೀವಾ ಮೊದಲು ಬಂದದ್ದು ಬರಿಗೈಯಲ್ಲಿ.
ನನಗೊಂದು ಕಾಗದ ಇದೆಯಾ ಅಂದಳು.
ಇತ್ತು. ಶಾಲೆಯ ನೋಟ್‌ಬುಕ್ಕಿನ ಹಾಳೆ,
ಅದರ ಮೇಲೆ ನೀಲಿ ಪೆನ್ಸಿಲಿನಲ್ಲಿ ಸುತ್ತ ಗೀರಿದ ಪಾದ.
ಮಾತಿಲ್ಲ, ಹೆಸರಿಲ್ಲ. ಕಿರುಬೆರಳ ಹತ್ತಿರ ಗೆರೆ ಜಾರಿತ್ತು,
ಕಚಗುಳಿಯಾಗಿರಬೇಕು.
ಮರುವಾರ ಬೂಟು ತಂದಳು. ಕಾಗದದ ಪಾದವನ್ನು ಕತ್ತರಿಸಿ
ಒಂದೊಂದೇ ಜೋಡಿಯೊಳಗೆ ತೂರಿಸಿ ನೋಡಿದಳಂತೆ,
ಅಂಗಡಿಯವನು ಬೈಯುವವರೆಗೆ.

ಆಮೇಲೆ ವರ್ಷಕ್ಕೆರಡು ಪಾದ
ನನ್ನ ಡ್ಯಾಶ್‌ಬೋರ್ಡಿನ ಮೇಲೆ ಇತ್ತ ಬಂದವು.
ಪ್ರುತ್ ನದಿಯ ಸೇತುವೆಯ ಪೊಲೀಸ
ಸಿಗರೇಟು ಎಣಿಸಿದ, ಬಾಟಲಿ ಎಣಿಸಿದ,
ಪಾದವನ್ನು ಎತ್ತಿ ನೋಡಿ ಅಲ್ಲೇ ಇಟ್ಟ.

ಗಡಿಯಾರದೊಳಗೂ ಒಂದು ಗಡಿ ಇದೆ.
ಪಡುವಣಕ್ಕೆ ಬರುವಾಗ, ರುಮೇನಿಯಾ ಮುಗಿದು ಹಂಗೇರಿ ಹೊಕ್ಕರೆ
ಒಂದು ಗಂಟೆ ಪುಗಸಟ್ಟೆ. ಮರಳುವಾಗ ವಸೂಲಿ.
ನನ್ನ ಲೆಕ್ಕ ವಾರವಾರ ಚುಕ್ತಾ.
ಇತ್ತ ಬಂದು ನಿಂತವರ ಹತ್ತಿರ ಆ ಗಂಟೆ ಹಾಗೇ ಉಳಿದಿದೆ,
ಚಲಾವಣೆಯಿಲ್ಲದ ನಾಣ್ಯದ ಹಾಗೆ.

ಇಪ್ಪತ್ತೆಂಟು. ಮೂವತ್ತೊಂದು. ಮೂವತ್ತಾರು.

ಅವಳು ನೋಡಿಕೊಳ್ಳುವ ಒತ್ತಾವಿಯಾ, ಎಂಬತ್ತೆಂಟರ ಮುದುಕಿ,
ಒಮ್ಮೆ ಗಾಲಿಕುರ್ಚಿಯಲ್ಲಿ ತಾನೂ ಬಂದಳು. ತಕ್ಕಡಿ ಕಂಡು ನಕ್ಕಳು.
ನನ್ನಪ್ಪನನ್ನೂ ತೂಗಿದ್ದರು ಕಣಯ್ಯಾ, ಅಂದಳು.
ಬೆಲ್ಜಿಯಮ್ಮಿನ ಗಣಿಗೆ ಆಳು ಕಳಿಸಿ
ಕಲ್ಲಿದ್ದಲು ತರಿಸಿಕೊಂಡರು ನಮ್ಮವರು.
ಚಳಿಗಾಲದಲ್ಲಿ ಒಲೆ ಉರಿಯುವಾಗ ಅಮ್ಮ ಅನ್ನುತ್ತಿದ್ದಳು,
ಹತ್ತಿರ ಬನ್ನಿ, ನಿಮ್ಮಪ್ಪ ಬಂದಿದ್ದಾನೆ.

ನಲವತ್ತಮೂರು.
ಒಂದು ಹಾಳೆ ಸಾಲದೆ ಎರಡು ಅಂಟಿಸಿದ್ದ.
ಪಾದದ ನಡುವೆ ಮೊದಲ ಸಲ ಅಕ್ಷರ:
ಇನ್ನು ಬೇಡ ಅಮ್ಮ. ಗುರುವಾರ ಡಾರ್ಟ್ಮುಂಡಿಗೆ ಹೊರಟೆ.
ಬೂಟು ಅಲ್ಲಿ ಕಂಪನಿಯೇ ಕೊಡುತ್ತದೆ,
ತುದಿಯಲ್ಲಿ ಉಕ್ಕಿರುವಂಥದು.

ನೀನು ಡಾರ್ಟ್ಮುಂಡಿಗೆ ಹೋಗುತ್ತೀಯಾ, ಅಂದಳು.
ಅದು ನನ್ನ ದಾರಿಯಲ್ಲ.
ನನ್ನದು ಮೂಡಲಿಂದ ಪಡುವಲಿಗೆ, ಅವನದು ಬಡಗಲು.
ನಮ್ಮೂರಲ್ಲಿ ಈಗ ದ್ರಾಕ್ಷಿ ಬಿಡಿಸುವವರು
ಒಡೆಸ್ಸಾ ಕಡೆಯಿಂದ ಬಂದ ಹೆಂಗಸರು.
ಅವರ ಪೆಟ್ಟಿಗೆ ಒಯ್ಯುವ ವ್ಯಾನು ಬೇರೆ, ತಕ್ಕಡಿ ಬೇರೆ,
ಅದರ ಮುಳ್ಳು ಎಲ್ಲಿ ನಿಲ್ಲುತ್ತದೋ ನನಗೆ ಗೊತ್ತಿಲ್ಲ.

ಭಾನುವಾರ ತಪ್ಪಿಸುವುದಿಲ್ಲ ಪರಸ್ಕೀವಾ.
ಬೇರೆಯವರ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಾಳೆ,
ಹೊಸಬರಿಗೆ ದರ ಹೇಳುತ್ತಾಳೆ.
ಮೊನ್ನೆ ಎಲ್ಲರೂ ಹೋದ ಮೇಲೆ
ಖಾಲಿ ಕೊಕ್ಕೆಯ ಮುಂದೆ ನಿಂತು ಮುಳ್ಳು ನೋಡುತ್ತಿದ್ದಳು.
ಇದನ್ನು ಕಳಿಸು, ಅಂದಳು, ಈ ಮುನ್ನೂರು ಗ್ರಾಮು.

ನಲವತ್ತೈದು ಸೆಂಟು ಎಣಿಸಿ ಬಾನೆಟ್ಟಿನ ಮೇಲಿಟ್ಟಳು.
ಎಲ್ಲಿಗೆ ಅಂತ ನಾನು ಕೇಳಲಿಲ್ಲ.
ಹತ್ತೂವರೆಗೆ ಹೊರಡಬೇಕಿತ್ತು.
ಯಾರದೋ ವಾಶ್‌ಬೇಸಿನ್ನು ಅಲುಗಾಡುತ್ತಿತ್ತು, ಕಟ್ಟಬೇಕಿತ್ತು.